ಡಾಕ್ಟರಿಗೆ ನಾನು ಹೇಳಿದ ಮೊದಲ ವಾಕ್ಯ

2023ರ ಡಿಸೆಂಬರ್ ಎರಡನೇ ವಾರ, ಮಂಗಳವಾರ ಬೆಳಿಗ್ಗೆ ಏಳೂವರೆಗೆ, ಚಿತ್ರದುರ್ಗದ ನಮ್ಮ ಮನೆಯಲ್ಲಿ, ನನ್ನ ಮಗಳು ಚೈತ್ರಳಿಗೆ ಶಾಲೆಯ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಆಗ ಅವಳಿಗೆ ಒಂಬತ್ತು ವರ್ಷ. ಎರಡೂ ಕೈಯ ಬೆರಳ ತುದಿಗಳು ಊದಿದ್ದವು. ಬಣ್ಣ ಕೆಂಪಲ್ಲ, ನೇರಳೆ. ಎಡಗೈ ಕಿರುಬೆರಳಿನಲ್ಲಿ ಒಂದು ಗುಳ್ಳೆ ಒಡೆದು ನೀರು ಬಂದಿತ್ತು.

ನೋಡಿದ ತಕ್ಷಣ ನನಗೆ ಗೊತ್ತಾಯಿತು.

ಗೊತ್ತಾಗಿದ್ದು ತಪ್ಪು. ಆ ತಪ್ಪನ್ನು ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ, ನಾಲ್ಕು ಡಾಕ್ಟರುಗಳಿಗೆ, ಸ್ಪಷ್ಟವಾದ ಭಾಷೆಯಲ್ಲಿ ವಿವರಿಸುತ್ತ ಬಂದೆ.

ನಮ್ಮದು ಕುರಿ ಸಾಕುವ ಮನೆತನ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ ಊರು. ತಮ್ಮ ಈರಣ್ಣ ಈಗಲೂ ಅಲ್ಲಿ ಕುರಿ ಮತ್ತು ಶೇಂಗಾ ಹೊಲ ನೋಡಿಕೊಂಡಿದ್ದಾನೆ. ನಾನು ಓದಿ ಚಿತ್ರದುರ್ಗಕ್ಕೆ ಬಂದು ಜಿಲ್ಲಾ ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಕೂತೆ. ಬೇರೆಯವರು ತಂದ ಸುದ್ದಿಯನ್ನು ತಿದ್ದುವುದು, ಮೊದಲ ವಾಕ್ಯವನ್ನು ಗಟ್ಟಿ ಮಾಡುವುದು, ತಲೆಬರಹ ಕೊಡುವುದು ನನ್ನ ಕೆಲಸ.

ಆ ತಿಂಗಳು ಈರಣ್ಣನ ಮರಿಗಳಿಗೆ ಬಾಯಿಹುಣ್ಣು ಬಿದ್ದಿತ್ತು. ತುಟಿಯ ಸುತ್ತ ಹಕ್ಕಳೆಗಟ್ಟಿ ಮರಿಗಳು ಹಾಲು ಕುಡಿಯದೆ ಸೊರಗುವ ರೋಗ ಅದು. ಮರಿಗಳ ಬಾಯಿ ಮುಟ್ಟಿದವರ ಕೈಗೂ ಬರುತ್ತದೆ. ಕುರಿ ಕಾಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಬೆರಳಿನ ಮೇಲೆ ಅದರ ಗುರುತಿಲ್ಲದ ಗಂಡಸು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಎರಡು ವಾರದ ಹಿಂದೆಯಷ್ಟೇ ಇದರ ಬಗ್ಗೆ ಬಂದ ಸುದ್ದಿಯೊಂದನ್ನು ನಾನೇ ತಿದ್ದಿ ಮೂರನೇ ಪುಟಕ್ಕೆ ಹಾಕಿದ್ದೆ. ಹಿಂದಿನ ಭಾನುವಾರ ಊರಿಗೆ ಹೋದಾಗ ತಾಯಿ ಸತ್ತ ಮರಿಯೊಂದಕ್ಕೆ ಚೈತ್ರ ಬಾಟಲಿಯಲ್ಲಿ ಹಾಲು ಕುಡಿಸಿದ್ದಳು.

ಎಲ್ಲವೂ ಸೇರಿತು. ಇಷ್ಟು ಚೆನ್ನಾಗಿ ಸೇರಿದ ಸುದ್ದಿಯನ್ನು ಅನುಮಾನಿಸಬೇಕು ಎಂದು ಹೊಸ ವರದಿಗಾರರಿಗೆ ಹೇಳುತ್ತಿದ್ದವನು ನಾನೇ.

ಅಂದು ಸಂಜೆ ಚರ್ಮದ ಡಾಕ್ಟರ ಮುಂದೆ ಕೂತು ನಾನು ಹೇಳಿದ ಮೊದಲ ವಾಕ್ಯ ಇದು: "ಊರಲ್ಲಿ ಕುರಿ ಇವೆ ಸರ್, ಮರಿಗಳಿಗೆ ಬಾಯಿಹುಣ್ಣು ಐತೆ, ಇವಳು ಹಾಲು ಕುಡಿಸಿದ್ದಳು." ಡಾಕ್ಟರು ಬೆರಳು ನೋಡಿದರು. ಕಿವಿ ನೋಡಲಿಲ್ಲ. ಕಾಲಿನ ಸಾಕ್ಸ್ ತೆಗೆಸಲಿಲ್ಲ. ನಾನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಚೀಟಿಯಲ್ಲಿ ಬರೆದರು. ಹುಣ್ಣಿಗೆ ಸೋಂಕು ತಗುಲದಿರಲಿ ಎಂದು ಆಂಟಿಬಯಾಟಿಕ್ ಕೊಟ್ಟರು. ದಿನಕ್ಕೆ ಎರಡು ಸಲ, ಪೊಟ್ಯಾಸಿಯಂ ಪರ್ಮಾಂಗನೇಟ್ ಎಂಬ ನೇರಳೆ ಹರಳು ಕರಗಿಸಿದ ನೀರಿನಲ್ಲಿ ಕೈ ಅದ್ದಿಡಲು ಹೇಳಿದರು.

ಡಿಸೆಂಬರ್ ತಿಂಗಳು. ಬೆಳಿಗ್ಗೆ ಆರೂವರೆ. ತಣ್ಣೀರು. ಹತ್ತು ನಿಮಿಷ.

ನಾನೇ ಗಡಿಯಾರ ಹಿಡಿದು ನಿಲ್ಲುತ್ತಿದ್ದೆ.

ನನ್ನ ಅವ್ವ ಆ ವಾರ ನಮ್ಮ ಮನೆಗೆ ಬಂದಿದ್ದಳು. ಮೊದಲ ದಿನವೇ ಬಕೆಟ್ಟಿನ ಮುಂದೆ ಬಂದು ನಿಂತು, "ಲೇ, ನೀರಾಗೆ ಅದ್ದಬ್ಯಾಡ ಕಣಲೇ. ಕೈ ಬೆಚ್ಚಗಿರ್ಲಿ, ಒಣಗಿರ್ಲಿ" ಎಂದಳು. ಡಾಕ್ಟರು ಹೇಳಿದ್ದಾರೆ ಎಂದೆ. ಡಾಕ್ಟರಿಗೆ ಏನು ಗೊತ್ತು ಎಂದಳು. ನಿನಗೆ ಏನು ಗೊತ್ತು ಎಂದು ನಾನು ಕೇಳಿದೆ. ಅವಳು ಒಳಗೆ ಹೋಗಿ ತನ್ನ ಕಂಬಳಿಯ ತುದಿಯಲ್ಲಿ ಮಗುವಿನ ಕೈ ಸುತ್ತಿಕೊಂಡು ಕೂತಳು. ಹೆಂಡತಿ ಲತಾ, ಅತ್ತೆ ಹೇಳೋದನ್ನ ಒಂದು ದಿನ ನೋಡೋಣ ಅಂದಳು. ನಾನು ಒಪ್ಪಲಿಲ್ಲ. ವೈದ್ಯರ ಮಾತು ಬಿಟ್ಟು ಮುದುಕಿಯ ಮಾತು ಕೇಳಿ ಕೆಟ್ಟವರ ಸುದ್ದಿ ನಾನು ಎಷ್ಟು ಪ್ರಕಟಿಸಿಲ್ಲ?

"ನಿನಗೆ ಏನು ಗೊತ್ತು" ಎನ್ನುವುದು ಒಳ್ಳೆಯ ಪ್ರಶ್ನೆ. ಅದನ್ನು ಪ್ರಶ್ನೆಯಾಗಿ ಕೇಳಿದ್ದರೆ.

ಫೆಬ್ರವರಿ ಕೊನೆಗೆ ಬಿಸಿಲೇರಿತು, ಹುಣ್ಣು ಮಾಗಿತು. ಔಷಧಿ ಕೆಲಸ ಮಾಡಿತು ಎಂದು ನಾವು ನಂಬಿದೆವು. ಒಂಬತ್ತು ತಿಂಗಳು ಆ ವಿಷಯ ಮರೆತೆವು. 2024ರ ನವೆಂಬರ್ ಕೊನೆಯಲ್ಲಿ ಮತ್ತೆ ಶುರುವಾಯಿತು. ಈ ಸಲ ಹತ್ತೂ ಬೆರಳು. ಕಿವಿಯ ಅಂಚಿನಲ್ಲಿ ಕಪ್ಪು ಹಕ್ಕಳೆ. ಪೆನ್ಸಿಲ್ ಹಿಡಿಯಲಾಗದೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಗಳನ್ನು ಬಾಯಲ್ಲಿ ಹೇಳಿದಳು.

ಈರಣ್ಣ ಫೋನಿನಲ್ಲಿ ಒಂದು ಮಾತು ಕೇಳಿದ. "ಅಣ್ಣಾ, ಈ ಸಲ ನಮ್ ಮರಿಗೆ ಬಾಯಿಹುಣ್ಣು ಬಂದೇ ಇಲ್ಲ. ಇವಳಿಗೆ ಎಲ್ಲಿಂದ ಬಂತು?"

ರೋಗದ ಹಕ್ಕಳೆ ಕುರಿ ಕೂಡುವ ರೊಪ್ಪದ ಮಣ್ಣಿನಲ್ಲಿ ಉದುರಿ ವರ್ಷಗಟ್ಟಲೆ ಉಳಿಯುತ್ತದೆ, ಮುಟ್ಟಿದರೆ ಮತ್ತೆ ಬರಬಹುದು ಎಂದು ಅವನಿಗೆ ಪಾಠ ಮಾಡಿದೆ. ಅದು ನಿಜವೂ ಹೌದು. ಒಂದು ತಪ್ಪು ಸುದ್ದಿಯನ್ನು ಉಳಿಸಿಕೊಳ್ಳಲು ಬೇಕಾದ ಸತ್ಯಗಳು ಯಾವಾಗಲೂ ಸಿಗುತ್ತವೆ. ಓದದ ನನ್ನ ತಮ್ಮ ಒಂದು ವಾಕ್ಯದಲ್ಲಿ ನನ್ನ ಇಡೀ ಕತೆಯನ್ನು ಕೆಡವಿದ್ದ. ನಾನು ಅವನಿಗೆ ಸುಮ್ಮನಿರಲು ಹೇಳಿದೆ.

ಎರಡನೇ ಡಾಕ್ಟರಿಗೆ ಹೇಳಿದೆ: ಹೋದ ವರ್ಷ ಮರಿಗಳಿಂದ ಬಂದಿತ್ತು, ಮತ್ತೆ ಬಂದಿದೆ. ಮೂರನೆಯವರಿಗೆ ಹೇಳಿದೆ: ಕುರಿಯ ಸೋಂಕು, ಎರಡನೇ ಸಲ. ನನ್ನ ವಾಕ್ಯ ಪ್ರತಿ ಸಲವೂ ಚಿಕ್ಕದಾಗುತ್ತಿತ್ತು, ಗಟ್ಟಿಯಾಗುತ್ತಿತ್ತು. ಹಿಂದಿನ ಚೀಟಿಯಲ್ಲಿ ಏನಿತ್ತೋ ಅದೇ ಹೊಸ ಚೀಟಿಗೆ ಹೋಯಿತು. ಇವರಲ್ಲಿ ಒಬ್ಬರೂ ಮಗುವನ್ನು ಒಂದು ಪ್ರಶ್ನೆ ಕೇಳಲಿಲ್ಲ. ನಾನು ಹೇಳಿದ್ದು ಇಷ್ಟು ಸೊಗಸಾಗಿದ್ದರೆ ಅವರು ಓದಿದ್ದು ಯಾತಕ್ಕೆ ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ. ಆ ಸಿಟ್ಟಿಗೆ ನಾನು ಎಷ್ಟು ಹಕ್ಕುದಾರ ಎಂಬುದು ಬೇರೆ ವಿಷಯ.

ನಾಲ್ಕನೆಯವರು ಮಾತ್ರ ಬೇರೆ ಏನೋ ಅನುಮಾನಿಸಿದರು. ಕುಷ್ಠರೋಗ ಅಲ್ಲ ಎಂದು ಖಚಿತ ಮಾಡಿಕೊಳ್ಳಬೇಕು ಎಂದು ಕಿವಿಯ ಹಾಲೆಯಿಂದ ಕೆರೆದು ಪರೀಕ್ಷೆಗೆ ಕಳಿಸಿದರು. ವರದಿ ಬಂತು, ಕುಷ್ಠವಲ್ಲ. ಆದರೆ ವರದಿಗಿಂತ ಮೊದಲೇ ಪರೀಕ್ಷೆಯ ಸುದ್ದಿ ಶಾಲೆಗೆ ತಲುಪಿತ್ತು. ಸರ್ಟಿಫಿಕೇಟ್ ತರುವವರೆಗೆ ಮಗುವನ್ನು ಕಳಿಸಬೇಡಿ ಎಂದರು. ಸರ್ಟಿಫಿಕೇಟ್ ಕೊಟ್ಟೆವು. ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು. ಕುಷ್ಠವೇ ಆಗಿದ್ದರೂ ಚಿಕಿತ್ಸೆ ಪಡೆಯುವ ಮಗುವನ್ನು ಹೊರಗಿಡುವ ಹಕ್ಕು ಯಾರಿಗೂ ಇಲ್ಲ. ಮುಖ್ಯೋಪಾಧ್ಯಾಯಿನಿಗೆ ಇದನ್ನು ಹೇಳಿದೆ. ಬೇರೆ ಪೋಷಕರು ಕೇಳ್ತಾರಲ್ಲ ಸರ್ ಎಂದರು.

ಪರೀಕ್ಷೆಯ ವಿಷಯ ಕೇಳಿದ ದಿನ ಅವ್ವ ಮತ್ತೆ ನಮ್ಮ ಮನೆಯಲ್ಲಿದ್ದಳು. ತಟ್ಟೆಗೆ ಬಡಿಸಿದ್ದ ಮುದ್ದೆಯನ್ನು ಹಾಗೇ ಬಿಟ್ಟು ಎದ್ದು, ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದಳು. ಏನಾಯ್ತು ಎಂದು ಲತಾ ಹಿಂದೆ ಹೋದರೆ, "ನನ್ನ ಊರಿಗೆ ಕಳಿಸ್ರಿ" ಎಂದಷ್ಟೇ ಹೇಳಿದಳಂತೆ. ವಯಸ್ಸಾಯಿತು, ಹಟ ಜಾಸ್ತಿ ಎಂದು ನಾನು ಅಂದುಕೊಂಡೆ.

ಜನವರಿಯಲ್ಲಿ ಎಡಗೈ ಕಿರುಬೆರಳಿನ ತುದಿ ಕಪ್ಪಾಯಿತು. ಮುಟ್ಟಿದರೆ ನೋವಿಲ್ಲ ಎಂದಳು ಚೈತ್ರ.

ಅದು ಒಳ್ಳೆಯ ಸುದ್ದಿಯಲ್ಲ ಎಂದು ಆ ನಾಲ್ಕನೇ ಡಾಕ್ಟರು ಹೇಳಿದರು. ಬೆರಳಿನ ಆ ಭಾಗ ಸತ್ತಿದೆ. ಉಳಿದವು ಉಳಿಯಬೇಕಾದರೆ ಬೆಂಗಳೂರಿಗೆ ಹೋಗಿ.

ಬೆಂಗಳೂರಿನ ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವರು. ಮಕ್ಕಳ ಕೀಲು ಮತ್ತು ರೋಗನಿರೋಧಕ ಶಕ್ತಿಯ ಕಾಯಿಲೆಗಳನ್ನು ನೋಡುವವರು. ನಾನು ಫೈಲ್ ತೆರೆದು, "ಊರಲ್ಲಿ ಕುರಿ ಇವೆ ಮೇಡಂ" ಎಂದು ಶುರು ಮಾಡಿದೆ. ಅವರು ಫೈಲ್ ಮುಚ್ಚಿ ಪಕ್ಕಕ್ಕಿಟ್ಟರು.

"ಸರ್, ನೀವು ಸ್ವಲ್ಪ ಹೊರಗೆ ಕೂತಿರಿ. ಮೊದಲು ಅವಳು ಹೇಳಲಿ."

ಇಪ್ಪತ್ತು ನಿಮಿಷ ಹೊರಗೆ ಕೂತೆ. ಒಳಗೆ ಚೈತ್ರ ಹೇಳಿದ್ದನ್ನು, ಅವಳ ಜೊತೆಗಿದ್ದ ಲತಾ ಆಮೇಲೆ ನನಗೆ ಹೇಳಿದಳು. ಇದು ಶುರುವಾಗಿದ್ದು ಮರಿಗಳಿಂದ ಅಲ್ಲ. ಎರಡನೇ ಕ್ಲಾಸಿನಲ್ಲಿ, ಚಳಿಗಾಲದ ಪ್ರಾರ್ಥನೆಗೆ ಅಂಗಳದಲ್ಲಿ ನಿಂತಾಗ ಬೆರಳೂ ಕಿವಿಯೂ ಉರಿಯುತ್ತಿದ್ದವು. ಕಾಲ್ಬೆರಳಿಗೂ ಬರುತ್ತದೆ. ಬಿಸಿ ಹಾಲಿನ ಲೋಟ ಹಿಡಿದರೆ ಹಾಯೆನಿಸುತ್ತದೆ. ತುಂಬಾ ನೋವಾಗುತ್ತಿದ್ದದ್ದು ನೇರಳೆ ನೀರಿನಲ್ಲಿ ಅದ್ದಿದಾಗ.

ಯಾಕಮ್ಮ ಮೊದಲೇ ಹೇಳಲಿಲ್ಲ ಎಂದು ಕಾರಿಡಾರಿನಲ್ಲಿ ಕೇಳಿದೆ.

"ನೀನೇ ಹೇಳ್ತಿದ್ಯಲ್ಲಪ್ಪ. ನನ್ನ ಯಾವಾಗ ಕೇಳ್ದೆ?"

ನನ್ನನ್ನು ಒಳಗೆ ಕರೆದ ಮೇಲೆ ಡಾಕ್ಟರು ಕೇಳಿದ ಪ್ರಶ್ನೆ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿದೆಯೇ ಎಂದು. ಇಲ್ಲ ಎಂದೆ. ಬೆರಳು ಕಳೆದುಕೊಂಡವರು? ನನ್ನ ತಾಯಿಗೆ ಕೆಲವು ಬೆರಳಿಲ್ಲ, ಆದರೆ ಅದು ಉಣ್ಣೆ ಕತ್ತರಿಸುವಾಗ ಆದದ್ದು, ಕುರಿಯ ಕಾಲು ಹಿಡಿದುಕೊಂಡಿದ್ದಳು, ಕತ್ತರಿ ತಗುಲಿತು ಎಂದೆ.

"ಎಷ್ಟು ಬೆರಳು?"

"ಮೂರರ ತುದಿ."

"ಒಂದೇ ಕೈದಾ?"

ನೆನಪಿನಲ್ಲಿ ಎಣಿಸಿದೆ. ಬಲಗೈಯಲ್ಲಿ ಎರಡು. ಎಡಗೈಯಲ್ಲಿ ಒಂದು.

ಆ ಕತ್ತರಿಯ ಕತೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಹನ್ನೊಂದು ವರ್ಷದ ಹಿಂದೆ ಕುರಿಗಾರ ಮನೆಗಳ ಹೆಂಗಸರ ಬಗ್ಗೆ ಭಾನುವಾರದ ಪುರವಣಿಗೆ ಲೇಖನ ಬರೆದಾಗ ಅವ್ವನ ಬೆರಳಿನಿಂದಲೇ ಶುರು ಮಾಡಿದ್ದೆ. ಜನ ಮೆಚ್ಚಿದರು. ಒಂದು ಕತ್ತರಿ, ಒಂದೇ ಏಟಿಗೆ, ಎರಡು ಕೈಯ ಮೂರು ಬೆರಳಿನ ತುದಿ ತೆಗೆಯುತ್ತದೆಯೇ? ಯಾವ ವರದಿಗಾರ ಇದನ್ನು ಬರೆದು ತಂದಿದ್ದರೂ ನಾನು ವಾಪಸ್ ಕಳಿಸುತ್ತಿದ್ದೆ. ನನ್ನ ವರದಿಯನ್ನು ಯಾರೂ ವಾಪಸ್ ಕಳಿಸಲಿಲ್ಲ.

ಆ ಲೇಖನದ ಮೊದಲ ಪ್ಯಾರಾ ಸುಳ್ಳು. ತಿದ್ದುಪಡಿ ಇಲ್ಲಿದೆ.

ಅವ್ವನನ್ನು ಈರಣ್ಣ ಮೂರು ದಿನದ ನಂತರ ಬೆಂಗಳೂರಿಗೆ ಕರೆತಂದ. ಡಾಕ್ಟರು ಮೊದಲು ಕೈ ನೋಡಲಿಲ್ಲ. "ಸೆರಗು ಸ್ವಲ್ಪ ಹಿಂದೆ ಹಾಕ್ಕೊಳ್ತೀರಾ ಅಜ್ಜಿ?" ಎಂದರು. ನಾನು ನನ್ನ ತಾಯಿಯ ಕಿವಿಯನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಎರಡೂ ಕಿವಿಯ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಅಲ್ಲಲ್ಲಿ ಇರಲಿಲ್ಲ.

ಆಮೇಲೆ ಅವ್ವ ಹೇಳಿದಳು. ಒಂದೇ ಧ್ವನಿಯಲ್ಲಿ, ಯಾರನ್ನೂ ನೋಡದೆ. ನಾನು ಹುಟ್ಟಿದ ವರ್ಷದ ಚಳಿಗೆ ಬೆರಳು ಕೊಳೆಯಲು ಶುರುವಾಯಿತು. ದೊಡ್ಡರೋಗ, ಅಂದರೆ ಕುಷ್ಠ, ಎಂದರು. ಅವಳ ಅತ್ತೆ ತಟ್ಟೆ ಬೇರೆ ಮಾಡಿದಳು. ರೋಗ ಬಂದ ಕುರಿಯನ್ನು ಮಂದೆಯಿಂದ ಬೇರೆ ಕಟ್ಟುವಂತೆ ಅವಳನ್ನು ರೊಪ್ಪದ ಪಕ್ಕದ ಗುಡಿಸಲಿಗೆ ಹಾಕಿದರು. ಎರಡು ಚಳಿಗಾಲ. ನನಗೆ ಹಾಲು ಕುಡಿಸಲು ಬಿಡಲಿಲ್ಲ. ಬೇಸಿಗೆಗೆ ವಾಸಿಯಾಯಿತು, ಬೆರಳು ಉಳಿಯಲಿಲ್ಲ. ನನ್ನ ಅಪ್ಪ ಅವಳನ್ನು ಒಳಗೆ ಕರೆದುಕೊಂಡ, ಒಂದು ಷರತ್ತಿನ ಮೇಲೆ. ಕತ್ತರಿಗೆ ಸಿಕ್ತು ಅಂತ ಹೇಳಬೇಕು. ಎಲ್ಲರಿಗೂ. ಮಕ್ಕಳಿಗೂ.

ಅವಳಿಗೆ ಚೈತ್ರಳ ಬೆರಳು ನೋಡಿದ ಮೊದಲ ದಿನವೇ ಗೊತ್ತಿತ್ತು.

ನಾನು ಕೂಗಾಡಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ, ಜನರ ಮುಂದೆ, ಎಪ್ಪತ್ತು ದಾಟಿದ ನನ್ನ ತಾಯಿಯ ಮೇಲೆ. ಒಂದು ಮಾತು ಹೇಳಿದ್ದರೆ ಮಗುವಿನ ಬೆರಳು ಉಳಿಯುತ್ತಿತ್ತು ಎಂದೆ. ನಿನ್ನ ಮಾತು ನಂಬಿ ಪೇಪರಿನಲ್ಲಿ ಬರೆದೆ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಹೇಳಿದ್ರೆ ಏನ್ ಮಾಡ್ತಿದ್ರಿ? ನನ್ನ ಮಾಡಿದಂಗೆ ಆ ಮಗೀನೂ ಮಾಡ್ತಿದ್ರಿ. ನೀರಾಗೆ ಅದ್ದಬ್ಯಾಡ ಅಂದೆ. ಅಷ್ಟು ಹೇಳಾಕೆ ನನಗೆ ಬಾಯಿತ್ತು, ಹೇಳ್ದೆ." ಸೆರಗನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡು, "ಪೇಪರಿಗೆ ನೀನು ಬರ್ಕಂಡೆ. ಕೈ ತೋರ್ಸವ್ವ ಅಂತ ಒಂದಿನ ಕೇಳಿದ್ಯೇನಲೇ?" ಎಂದಳು.

ಶಾಲೆ ನನ್ನ ಮಗಳನ್ನು ಕೊನೆಯ ಬೆಂಚಿಗೆ ಹಾಕಿದ್ದು ಅದಕ್ಕೆ ಎರಡು ತಿಂಗಳ ಮೊದಲು. ಈರಣ್ಣ ಅವಳ ಚೀಲ ತಗೊಂಡು, "ನಡೀ ಅವ್ವ, ಚಾ ಕುಡಿಯಾಣ. ಇವನು ತಿದ್ದೋದು ಇನ್ನೂ ಮುಗಿದಿಲ್ಲ" ಎಂದ.

ಮೂವರ ರಕ್ತ ತೆಗೆದರು. ಜೀನ್ ಪರೀಕ್ಷೆಯ ವರದಿ ಬರಲು ಆರು ವಾರ ಹಿಡಿಯಿತು. ಟ್ರೆಕ್ಸ್1 ಎಂಬ ಜೀನ್‌ನಲ್ಲಿ ಒಂದು ಅಕ್ಷರದ ದೋಷ. ಅವ್ವನಲ್ಲಿದೆ. ಚೈತ್ರಳಲ್ಲಿದೆ. ಇಬ್ಬರ ನಡುವೆ ಇರುವ ನನ್ನಲ್ಲಿಯೂ ಇದೆ. ಪ್ರತಿ ಚಳಿಗಾಲದಲ್ಲಿ ನನ್ನ ಕಾಲ್ಬೆರಳು ಕೆಂಪಾಗಿ ನವೆಯಾಗುತ್ತದೆ. ಡೆಸ್ಕಿನಲ್ಲಿ ಸಾಕ್ಸ್ ಹಾಕಿ ಕೂರುತ್ತಿದ್ದೆ. ಅದನ್ನು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ನನ್ನ ಮೊದಲ ವಾಕ್ಯದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಡಾಕ್ಟರು ಕಾಗದದ ಮೇಲೆ ಒಂದು ವೃತ್ತ ಬರೆದು ವಿವರಿಸಿದರು. ಇದು ಜೀವಕೋಶ. ಒಳಗಿನ ಚಿಕ್ಕ ವೃತ್ತ ನ್ಯೂಕ್ಲಿಯಸ್. ನಮ್ಮ ಡಿಎನ್‌ಎ ಇರಬೇಕಾದದ್ದು ಮುಖ್ಯವಾಗಿ ಆ ಚಿಕ್ಕ ವೃತ್ತದಲ್ಲಿ. ಎರಡು ವೃತ್ತಗಳ ನಡುವಿನ ಜಾಗದಲ್ಲಿ ಡಿಎನ್‌ಎ ಓಡಾಡಬಾರದು. ಅಲ್ಲಿ ಡಿಎನ್‌ಎ ಕಂಡರೆ ಹೊರಗಿನಿಂದ ವೈರಸ್ ಬಂದಿದೆ ಎಂದೇ ಜೀವಕೋಶ ತಿಳಿಯುತ್ತದೆ. ಕಾವಲಿಗೆ ಸಿಗ್ಯಾಸ್ ಎಂಬ ಪ್ರೋಟೀನ್ ಇದೆ. ಕಂಡ ಡಿಎನ್‌ಎಯನ್ನು ಹಿಡಿದುಕೊಂಡು ಅದು ಒಂದು ಸಣ್ಣ ಸಂದೇಶ ಕಳಿಸುತ್ತದೆ. ಆ ಸಂದೇಶ ಸ್ಟಿಂಗ್ ಎಂಬ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ. ಅದು ಎದ್ದರೆ ಇಂಟರ್‌ಫೆರಾನ್ ಎಂಬ ಎಚ್ಚರಿಕೆ ಹೊರಡುತ್ತದೆ, ಸುತ್ತಲಿನ ಜೀವಕೋಶಗಳೆಲ್ಲ ಯುದ್ಧಕ್ಕೆ ನಿಲ್ಲುತ್ತವೆ. ಈ ವ್ಯವಸ್ಥೆ ಇಲ್ಲದಿದ್ದರೆ ವೈರಸ್‌ಗಳು ನಮ್ಮನ್ನು ಬದುಕಲು ಬಿಡುತ್ತಿರಲಿಲ್ಲ.

ಈ ಕಾವಲು ಪ್ರೋಟೀನ್ ಡಿಎನ್‌ಎಯನ್ನು ಓದುವುದಿಲ್ಲ, ಯಾರದೆಂದು ಕೇಳುವುದಿಲ್ಲ. ಎಲ್ಲಿದೆ ಎಂದಷ್ಟೇ ನೋಡುತ್ತದೆ. ನಮ್ಮದೇ ಡಿಎನ್‌ಎಯ ಚೂರುಗಳು ಆಗಾಗ ಆ ಜಾಗಕ್ಕೆ ಬೀಳುತ್ತವೆ. ಅವನ್ನು ಕತ್ತರಿಸಿ ಗುಡಿಸುವ ಕೆಲಸ ಟ್ರೆಕ್ಸ್1ನದು. ಚೈತ್ರಳಲ್ಲಿ ಅದು ಸರಿಯಾಗಿ ಗುಡಿಸುವುದಿಲ್ಲ. ಚೂರುಗಳು ಉಳಿಯುತ್ತವೆ, ವೈರಸ್ ಇಲ್ಲದೆಯೇ ಯುದ್ಧ ಶುರುವಾಗುತ್ತದೆ. ಚಳಿಗೆ ರಕ್ತನಾಳ ಕುಗ್ಗುವ ಬೆರಳು, ಕಿವಿಗಳಲ್ಲಿ ಅದರ ಹೊಡೆತ ಹೆಚ್ಚು. ಯಾಕೆ ಇಷ್ಟು ಹೆಚ್ಚು ಎಂದು ಕೇಳಿದೆ. "ಪೂರ್ತಿ ಗೊತ್ತಿಲ್ಲ" ಎಂದರು. ಐದು ಡಾಕ್ಟರುಗಳಲ್ಲಿ ಆ ಮಾತು ಹೇಳಿದವರು ಅವರೊಬ್ಬರೇ.

ಇದನ್ನು ಪಕ್ಕದಲ್ಲೇ ಕೂತಿದ್ದ ಅವ್ವನಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಅವಳು ಸುಲಭವಾಗಿ ಹಿಡಿದುಕೊಂಡಳು. "ಪೈರಿನಾಗೆ ಬಿದ್ದ ಕುರಿ ಯಾರ್ದು ಅಂತ ನೋಡ್ತಾರೇನು? ಮೊದ್ಲು ಹೊಡೀತಾರೆ. ತನ್ನ ಕುರೀನೇ ಅಂತ ಆಮೇಲೆ ಗೊತ್ತಾಗ್ತದೆ."

ಕುರಿ ಎಂದಾಗ ಡಾಕ್ಟರಿಗೆ ನನ್ನ ಮೊದಲ ವಾಕ್ಯ ನೆನಪಾಯಿತು. ಅವರು ಫೈಲಿನಲ್ಲಿ ಅದನ್ನು ಓದಿದ್ದರು. ಮರಿಗಳ ಬಾಯಿಹುಣ್ಣಿನ ವೈರಸ್ ಕೂಡ ಡಿಎನ್‌ಎ ವೈರಸ್, ಅದು ನ್ಯೂಕ್ಲಿಯಸ್ಸಿನ ಹೊರಗೆ, ಸರಿಯಾಗಿ ಈ ಕಾವಲಿರುವ ಜಾಗದಲ್ಲೇ ಬೆಳೆಯುತ್ತದೆ ಎಂದರು. "ನೀವು ತಿಳ್ಕೊಂಡಿದ್ದನ್ನೇ ಅವಳ ಜೀವಕೋಶಗಳೂ ತಿಳ್ಕೊಂಡಿವೆ ಸರ್. ವೈರಸ್ ಬಂದಿದೆ ಅಂತ."

ಅವರು ಸಮಾಧಾನಕ್ಕೆ ಹೇಳಿದರೋ ಏನೋ. ನನಗೆ ಸಮಾಧಾನವಾಗಲಿಲ್ಲ. ಜೀವಕೋಶಕ್ಕೆ ಬಾಯಿಲ್ಲ, ಅದು ಯಾರನ್ನೂ ಕೇಳಲಾರದು. ನನಗೆ ಬಾಯಿತ್ತು. ಕೇಳುವುದಕ್ಕೆ ನನಗೆ ತಿಂಗಳ ಸಂಬಳ ಬರುತ್ತಿತ್ತು.

2025ರ ಬೇಸಿಗೆಯಿಂದ ಚೈತ್ರ ಇಂಟರ್‌ಫೆರಾನಿನ ಸಂದೇಶವನ್ನು ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಶುರು ಮಾಡುವ ಮೊದಲು ಕ್ಷಯ ಇಲ್ಲವೆಂದು ಪರೀಕ್ಷಿಸಿದರು. ಈ ಮಾತ್ರೆ ಸುಳ್ಳು ಗದ್ದಲದ ಜೊತೆಗೆ ನಿಜವಾದ ಗದ್ದಲವನ್ನೂ ತಗ್ಗಿಸುತ್ತದೆ. ಆದ್ದರಿಂದ ಜ್ವರ ಬಂದರೆ ಅದೇ ದಿನ ಫೋನ್ ಮಾಡಬೇಕು. ಮರಿಗಳಿಗೆ ಬಾಯಿಹುಣ್ಣು ಬಿದ್ದಾಗ ಅವಳು ರೊಪ್ಪದ ಹತ್ತಿರ ಹೋಗುವಂತಿಲ್ಲ. ಯಾವ ರೋಗ ಅವಳಿಗೆ ಬಂದಿದೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆನೋ ಅದು ಈಗ ಅವಳಿಗೆ ನಿಜವಾಗಿ ಅಪಾಯ. ಆಗಸ್ಟಿನಲ್ಲಿ ಒಮ್ಮೆ ಬೆನ್ನ ಮೇಲೆ ಸರ್ಪಸುತ್ತು ಎದ್ದು ಹನ್ನೆರಡು ದಿನ ಮಾತ್ರೆ ನಿಲ್ಲಿಸಬೇಕಾಯಿತು.

ಶಾಲೆ ಬದಲಿಸಿದೆವು. ಹೊಸ ಶಾಲೆಯಲ್ಲಿ ಚಳಿಗಾಲದ ಪ್ರಾರ್ಥನೆಗೆ ಅವಳು ಕ್ಲಾಸಿನೊಳಗೇ ನಿಲ್ಲುತ್ತಾಳೆ. ಬೆಂಗಳೂರಿಗೆ ಮೂರು ತಿಂಗಳಿಗೊಮ್ಮೆ ಹೋಗುತ್ತೇವೆ. ಡಾಕ್ಟರ ಕೋಣೆಯಲ್ಲಿ ಮಾತಾಡುವವಳು ಚೈತ್ರ. ನಾನು ಬರೆದುಕೊಳ್ಳುತ್ತೇನೆ. ಅವ್ವನಿಗೆ ಡಾಕ್ಟರು ಮಾತ್ರೆ ಬೇಡವೆಂದರು, ಉಣ್ಣೆಯ ಕೈಗವಸು ಸಾಕೆಂದರು. ಅವ್ವ ಮತ್ತು ನಾನು ಮಾತಾಡುತ್ತೇವೆ, ಮೊದಲಿನಷ್ಟಲ್ಲ. ಅವಳ ಮೇಲಿನ ಸಿಟ್ಟು ಕಡಿಮೆಯಾಗಿದೆ. ಸತ್ತುಹೋದ ಅಪ್ಪನ ಮೇಲೆ ಹೆಚ್ಚಾಗಿದೆ. ಈರಣ್ಣ ತನ್ನ ಇಬ್ಬರು ಮಕ್ಕಳ ರಕ್ತ ಪರೀಕ್ಷೆ ಮಾಡಿಸಲು ಮೊದಲು ಒಪ್ಪಲಿಲ್ಲ. ದೊಡ್ಡ ಹುಡುಗಿಗೆ ಗಂಡು ನೋಡುತ್ತಿದ್ದಾರೆ. ಅವ್ವ ಒಂದು ವಾರ ಅವನ ಮನೆಯಲ್ಲಿ ಊಟ ಬಿಟ್ಟ ಮೇಲೆ ಒಪ್ಪಿದ. ಇಬ್ಬರಲ್ಲೂ ದೋಷವಿಲ್ಲ ಎಂದು ವರದಿ ಬಂದಿದೆ.

ಕಿರುಬೆರಳಿನ ಸತ್ತ ತುದಿಯನ್ನು ಕಳೆದ ವರ್ಷ ಮಾರ್ಚ್‌ನಲ್ಲಿ ತೆಗೆದರು. ತುದಿಯ ಗೆಣ್ಣಿನಿಂದ ಮೇಲೆ ಬೆರಳಿಲ್ಲ. ಈ ಚಳಿಗಾಲದಲ್ಲಿ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಎರಡು ಕಾಲ್ಬೆರಳು ಕೆಂಪಾದವು, ಹುಣ್ಣಾಗಲಿಲ್ಲ. ಕೈಯ ಉಳಿದ ಒಂಬತ್ತು ಬೆರಳಿಗೆ ಏನೂ ಆಗಲಿಲ್ಲ. ಉದುರಿಹೋಗಿದ್ದ ನಾಲ್ಕು ಉಗುರುಗಳು ಮತ್ತೆ ಬಂದಿವೆ. ನಿನ್ನೆ ಸಂಜೆ ಅವು ಉದ್ದವಾಗಿವೆ ಎಂದು ಅವಳೇ ನೇಲ್ ಕಟರ್ ಹಿಡಿದು ಕತ್ತರಿಸಿಕೊಂಡಳು.